ಬಾಗಿಲು ತೆರೆದ ಹುಡುಗಿ ಮತ್ತು ಮೂಲನಿಷ್ಠೆಯ ಜಗಳ



ಈ ಬಾರಿಯ ವಿಷಯವನ್ನು ಕಂಡು ನಿಮ್ಮಲ್ಲಿ ಹಲವರು ಹುಬ್ಬೇರಿಸುವಿರೆಂದು ಬಲ್ಲೆ. ಪಂಪ, ರನ್ನ, ಕುಮಾರವ್ಯಾಸರನ್ನು ಬೋಧಿಸುತ್ತ ವೃತ್ತಿಜೀವನವನ್ನು ಸವೆಸಿದ ಮನುಷ್ಯನಿಗೆ ಈ ಇಳಿವಯಸ್ಸಿನಲ್ಲಿ ಬ್ಯಾಟ್‌ಮ್ಯಾನನ ಗೊಡವೆ ಏಕೆ ಎಂದು ಕೇಳುವಿರಿ. ಗೊಡವೆಯನ್ನು ನಾನಾಗಿ ಹುಡುಕಿಕೊಂಡು ಹೋಗಲಿಲ್ಲ. ಅದು ದೀಪಾವಳಿಯ ರಜೆಗೆ ನಮ್ಮ ಮನೆಗೇ ಬಂದಿತು.

ನನ್ನ ಮಗನೂ ನನ್ನ ತಂಗಿಯ ಮಗನೂ ಊಟ ಮುಗಿಸಿ, ಕೈ ಒಣಗುವವರೆಗೂ ಎಲೆಯ ಮುಂದೆಯೇ ಕುಳಿತು ಜಗಳವಾಡಿದರು. ಜಗಳ ಆಸ್ತಿಯದಲ್ಲ, ರಾಜಕೀಯದ್ದೂ ಅಲ್ಲ. 'ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್' ಎಂಬ, 2016ರಲ್ಲಿ ಅಮೆರಿಕದಲ್ಲಿ ತೆರೆಕಂಡ ಅನಿಮೇಷನ್ ಚಿತ್ರದ್ದು. "ಚಿನ್ನದಂಥ ಪುಸ್ತಕವನ್ನು ಕೆಡಿಸಿಬಿಟ್ಟರು" ಎಂದು ಇವನು. "ಕೆಡಿಸಲಿಲ್ಲ, ಬೆಳೆಸಿದರು, ನಿನ್ನಂಥವರಿಗೆ ಒಂದು ಅಕ್ಷರ ಬದಲಾದರೂ ಮೈ ಉರಿಯುತ್ತದೆ" ಎಂದು ಅವನು. ಇಬ್ಬರೂ ಮೂವತ್ತು ದಾಟಿದವರು, ಕೈತುಂಬ ಸಂಬಳ ತರುವವರು. ಕೊನೆಗೆ ತಂಗಿಯ ಮಗ ನನ್ನ ಕಡೆ ತಿರುಗಿ, "ಮಾವ, ನೀವೇ ಹೇಳಿ. ಕವಿಗಳು ಮೂಲವನ್ನು ಬದಲಾಯಿಸಬಹುದೆಂದು ನಮಗೆ ಪಾಠ ಮಾಡಿದವರು ನೀವೇ ಅಲ್ಲವೇ?" ಎಂದ. ಓದದೆ, ನೋಡದೆ ತೀರ್ಪು ಕೊಡುವುದು ಮೇಷ್ಟರ ಧರ್ಮವಲ್ಲ. ಪುಸ್ತಕವನ್ನು ಎರಡು ಬಾರಿ ಓದಿದೆ, ಚಿತ್ರವನ್ನು ಒಮ್ಮೆ ನೋಡಿದೆ. ಇನ್ನೊಮ್ಮೆ ನೋಡುವ ಧೈರ್ಯ ಬರಲಿಲ್ಲ. ಈಗ ತೀರ್ಪು ಹೇಳುತ್ತೇನೆ: ಇಬ್ಬರೂ ಫೇಲು. ಸಮುದ್ರದಾಚೆ ವರ್ಷಗಟ್ಟಲೆ ಇದೇ ಜಗಳವಾಡಿದ ಎರಡು ಪಂಗಡಗಳಿಗೂ ನನ್ನ ಅಂಕ ಅಷ್ಟೇ.

ಕಥೆ ತಿಳಿಯದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. 1988ರಲ್ಲಿ ಇಂಗ್ಲೆಂಡಿನ ಅಲನ್ ಮೂರ್ ಬರೆದು, ಬ್ರಯನ್ ಬೊಲ್ಯಾಂಡ್ ಚಿತ್ರ ರಚಿಸಿ, ಜಾನ್ ಹಿಗಿನ್ಸ್ ಬಣ್ಣ ತುಂಬಿದ, ಐವತ್ತು ಪುಟಗಳೂ ಇಲ್ಲದ ಕಾಮಿಕ್ಸ್ ಪುಸ್ತಕ ಅದು. ಜೋಕರ್ ಎಂಬ ಖಳನು ಒಂದು ಸಿದ್ಧಾಂತವನ್ನು ಸಾಧಿಸಲು ಹೊರಡುತ್ತಾನೆ. ಎಂಥ ವಿವೇಕಿಯಾದರೂ ಸರಿಯೇ, ಒಂದೇ ಒಂದು ಕೆಟ್ಟ ದಿನ ಸಾಕು ಅವನು ಹುಚ್ಚನಾಗಲು ಎಂಬುದೇ ಆ ಸಿದ್ಧಾಂತ. ಪ್ರಯೋಗಕ್ಕೆ ಆರಿಸಿಕೊಳ್ಳುವುದು ಪೊಲೀಸ್ ಕಮಿಷನರ್ ಗಾರ್ಡನ್ ಎಂಬ ಸಜ್ಜನನನ್ನು. ಆತನ ಮನೆಯ ಕರೆಗಂಟೆ ಒತ್ತುತ್ತಾನೆ. ಮಗಳು ಬಾರ್ಬರಾ ಬಾಗಿಲು ತೆರೆಯುತ್ತಾಳೆ. ಬಾಗಿಲಲ್ಲೇ ಅವಳಿಗೆ ಗುಂಡು ಹೊಡೆಯುತ್ತಾನೆ. ಗುಂಡು ಬೆನ್ನುಹುರಿಯನ್ನು ಹಾಳುಗೆಡವುತ್ತದೆ. ಬಳಿಕ ತಂದೆಯನ್ನು ಹೊತ್ತೊಯ್ದು, ಪಾಳುಬಿದ್ದ ಜಾತ್ರೆಯಂಥ ಜಾಗದಲ್ಲಿ, ರಕ್ತದಲ್ಲಿ ಬಿದ್ದ ಮಗಳ ಛಾಯಾಚಿತ್ರಗಳನ್ನು ಆ ತಂದೆಗೆ ತೋರಿಸುತ್ತಾನೆ. ಗಾರ್ಡನ್ ಹುಚ್ಚನಾಗುವುದಿಲ್ಲ, ಖಳನನ್ನು ಕಾನೂನಿನ ಪ್ರಕಾರವೇ ಹಿಡಿದು ತಾ ಎಂದು ಬ್ಯಾಟ್‌ಮ್ಯಾನನಿಗೆ ಹೇಳುತ್ತಾನೆ. ಅಂತ್ಯದಲ್ಲಿ ಜೋಕರ್ ಒಂದು ನಗೆಹನಿ ಹೇಳುತ್ತಾನೆ, ಮಳೆಯಲ್ಲಿ ನಿಂತು ಇಬ್ಬರೂ ನಗುತ್ತಾರೆ, ಕಥೆ ಮುಗಿಯುತ್ತದೆ.

ಬೊಲ್ಯಾಂಡರ ರೇಖೆಗಳು ಅಸಾಧಾರಣ. ಒಂದು ಪುಟದ ಕೊನೆಯ ಚಿತ್ರದಲ್ಲಿರುವ ಭಂಗಿಯೇ ಮುಂದಿನ ಪುಟದ ಮೊದಲ ಚಿತ್ರದಲ್ಲಿ ಬೇರೊಂದು ಕಾಲಕ್ಕೆ ಬಾಗಿಲಾಗುವ ಕ್ರಮವನ್ನು ಕಂಡು ನಾನು ಬೆರಗಾದೆ. ಆ ಪುಸ್ತಕಕ್ಕೆ ಸಂದ ಕೀರ್ತಿ ಸುಮ್ಮನೆ ಬಂದುದಲ್ಲ. ಇಷ್ಟನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಚಿತ್ರ ತಯಾರಿಸಿದವರಿಗೆ ಎದುರಾದ ತೊಡಕು ಸರಳವಾದುದು: ಪುಸ್ತಕ ಚಿಕ್ಕದು, ಪೂರ್ಣಪ್ರಮಾಣದ ಚಿತ್ರಕ್ಕೆ ಸಾಲದು. ಸ್ಯಾಮ್ ಲಿಯು ನಿರ್ದೇಶಿಸಿ, ಬ್ರಯನ್ ಅಜರೆಲ್ಲೊ ಬರೆದ ಚಿತ್ರಕ್ಕೆ, ಪುಸ್ತಕದಲ್ಲಿಲ್ಲದ ಸುಮಾರು ಅರ್ಧ ಗಂಟೆಯ ಪೂರ್ವಭಾಗವನ್ನು ಸೇರಿಸಿದರು. ಅದರಲ್ಲಿ ಬಾರ್ಬರಾ ಇನ್ನೂ ಬ್ಯಾಟ್‌ಗರ್ಲ್ ಆಗಿ ಮುಸುಕು ಧರಿಸಿ ಕಳ್ಳರನ್ನು ಹಿಡಿಯುತ್ತಿರುತ್ತಾಳೆ. ಒಬ್ಬ ಯುವ ಪಾತಕಿಗೆ ಅವಳ ಮೇಲೆ ಮೋಹ. ಬ್ಯಾಟ್‌ಮ್ಯಾನ್ ಅವಳಿಗೆ ಆ ಪ್ರಕರಣದಿಂದ ದೂರವಿರಲು ಆಜ್ಞಾಪಿಸುತ್ತಾನೆ. ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಮಹಡಿಯ ಮೇಲೆ ದೇಹಸಂಬಂಧದಲ್ಲಿ ಕೊನೆಗೊಳ್ಳುತ್ತದೆ. ಅನಂತರ ಅವನು ದೂರವಾಗುತ್ತಾನೆ, ಅವಳು ಪಾತಕಿಯನ್ನು ಸಾಯಬಡಿದು, ತನ್ನ ಮೇಲೇ ಹೇಸಿ ಮುಸುಕನ್ನು ಕಳಚಿಡುತ್ತಾಳೆ. ಇದಾದ ಮೇಲೆ ಪುಸ್ತಕದ ಕಥೆ ಆರಂಭ. 2016ರ ಜುಲೈನಲ್ಲಿ ಸ್ಯಾನ್ ಡಿಯೇಗೊ ಕಾಮಿಕ್-ಕಾನ್ ಸಮಾವೇಶದಲ್ಲಿ ಮೊದಲ ಪ್ರದರ್ಶನವಾದಾಗಲೇ, ಪ್ರಶ್ನೋತ್ತರದ ವೇಳೆಯಲ್ಲಿಯೇ ಮಾತು ಬಿಸಿಯಾಯಿತು. ಅಂದು ಹೊತ್ತಿದ ಬೆಂಕಿಯ ಹೊಗೆ ನಮ್ಮ ಹಜಾರದವರೆಗೂ ಬಂದಿದೆ.

ಮೊದಲು ಮೂಲನಿಷ್ಠರ ವಾದವನ್ನು ನೋಡೋಣ. ನನ್ನ ಮಗ ಈ ಪಕ್ಷದ ವಕೀಲ. ಅವನ ವಾದದ ತಿರುಳು ಇಷ್ಟು: ಪುಸ್ತಕದ ಹೆಸರನ್ನು ಹಾಕಿ ಹಣ ಕೇಳಿದ ಮೇಲೆ ಪುಸ್ತಕವನ್ನೇ ತೋರಿಸಬೇಕು, ಸ್ವಂತ ಕಥೆ ಹೇಳುವ ಚಪಲವಿದ್ದರೆ ಸ್ವಂತ ಹೆಸರಿಟ್ಟುಕೊಳ್ಳಲಿ. ಕೇಳಲು ನ್ಯಾಯವಾದ ಮಾತು. ಆದರೆ ಮಗುವೇ, ಯಾವುದಪ್ಪ ನಿನ್ನ ಮೂಲ? ಜೋಕರನು ಕೆಂಪು ಮುಖವಾಡದ ಕಳ್ಳನಾಗಿದ್ದು ರಾಸಾಯನಿಕದ ತೊಟ್ಟಿಗೆ ಬಿದ್ದ ಕಥೆ 1951ರ ಒಂದು ಹಳೆಯ ಸಂಚಿಕೆಯದು. ಮೂರ್ ಅದನ್ನು ತೆಗೆದುಕೊಂಡು, ಬಡತನವನ್ನೂ ಬಸುರಿ ಹೆಂಡತಿಯ ಸಾವನ್ನೂ ಸೇರಿಸಿ ಬೆಳೆಸಿದರು. ಬಾರ್ಬರಾ ಎಂಬ ಈ ಬ್ಯಾಟ್‌ಗರ್ಲ್ ಕಾಮಿಕ್ಸ್‌ಗೆ ಬಂದದ್ದೇ 1967ರಲ್ಲಿ. ಅದೂ ಅಂದಿನ ದೂರದರ್ಶನ ಧಾರಾವಾಹಿಗೆ ಒಬ್ಬ ಹೊಸ ನಾಯಕಿ ಬೇಕಾಗಿದ್ದುದರಿಂದ. ಅಂದರೆ ಪುಸ್ತಕದಿಂದ ತೆರೆಗೆ ಹೋದವಳಲ್ಲ, ತೆರೆಯ ಅಗತ್ಯಕ್ಕಾಗಿ ಪುಸ್ತಕದಲ್ಲಿ ಹುಟ್ಟಿದವಳು.

ಇನ್ನೂ ಕೇಳು. 2008ರಲ್ಲಿ ಬೊಲ್ಯಾಂಡರು ಆ ಪುಸ್ತಕದ ಹೊಸ ಆವೃತ್ತಿಗೆ ತಾವೇ ಮತ್ತೆ ಬಣ್ಣ ತುಂಬಿದರು. ಹಿಗಿನ್ಸ್ ತುಂಬಿದ್ದ ಕಣ್ಣುಕುಕ್ಕುವ ಹಳದಿ, ನೇರಳೆಗಳೆಲ್ಲ ಅಳಿದು ಮಂಕು ಬಣ್ಣಗಳು ಬಂದವು. ಗತಕಾಲದ ದೃಶ್ಯಗಳು ಬಹುಮಟ್ಟಿಗೆ ಕಪ್ಪುಬಿಳುಪಾದವು. ಬ್ಯಾಟ್‌ಮ್ಯಾನನ ಎದೆಯ ಮೇಲಿದ್ದ ಹಳದಿ ವೃತ್ತವೂ ಮಾಯವಾಯಿತು. ನನ್ನ ಮಗನ ಕಪಾಟಿನಲ್ಲಿರುವುದು ಈ ಎರಡನೆಯ ಆವೃತ್ತಿ. ಅವನು ಪೂಜಿಸುತ್ತಿರುವ ಮೂಲವೇ ಒಂದು ಪರಿಷ್ಕಾರ! ಎಲ್ಲಕ್ಕಿಂತ ದೊಡ್ಡ ವಿನೋದವೆಂದರೆ, ಆ ಪುಸ್ತಕದಲ್ಲಿ ಜೋಕರನೇ ತನ್ನ ಗತಕಾಲ ತನಗೆ ಒಮ್ಮೆ ಒಂದು ಬಗೆಯಾಗಿ, ಇನ್ನೊಮ್ಮೆ ಇನ್ನೊಂದು ಬಗೆಯಾಗಿ ನೆನಪಾಗುತ್ತದೆಂದು ಹೇಳಿಕೊಳ್ಳುತ್ತಾನೆ. ತನ್ನ ಮೂಲಕಥೆಯನ್ನೇ ತಾನು ನಂಬದ ಪಾತ್ರವುಳ್ಳ ಗ್ರಂಥವನ್ನು ಎದೆಗವಚಿಕೊಂಡು 'ಮೂಲ, ಮೂಲ' ಎಂದು ಕೂಗುವುದು ಓದುಗನ ಲಕ್ಷಣವಲ್ಲ, ಅರ್ಚಕನ ಲಕ್ಷಣ.

ಈಗ ಪರಿವರ್ತನವಾದಿಗಳು, ತಂಗಿಯ ಮಗ ಬೀಗಬೇಕಾಗಿಲ್ಲ. ಇವರ ಮಾತು ಇನ್ನೂ ಚತುರವಾದುದು. ಪುಸ್ತಕದಲ್ಲಿ ಬಾರ್ಬರಾಳಿಗೆ ಸಿಕ್ಕಿದ್ದು ಕೆಲವೇ ಪುಟಗಳು: ಬಾಗಿಲು ತೆರೆಯುತ್ತಾಳೆ, ಬೀಳುತ್ತಾಳೆ, ಆಸ್ಪತ್ರೆಯಲ್ಲಿ ನಾಲ್ಕು ಮಾತಾಡುತ್ತಾಳೆ, ಮತ್ತೆ ಕಾಣುವುದು ಛಾಯಾಚಿತ್ರದಲ್ಲಿ. ಚಿತ್ರವಾದರೋ ಅವಳಿಗೆ ಅರ್ಧ ಗಂಟೆ ಕೊಟ್ಟಿತು, ಅವಳನ್ನು ವ್ಯಕ್ತಿಯಾಗಿಸಿತು, ಇದು ಅವಳಿಗೆ ತೋರಿದ ಗೌರವವಲ್ಲವೇ ಎಂದು ಕೇಳುತ್ತಾರೆ. ಚಿತ್ರ ಮಾಡಿದವರ ಸಮರ್ಥನೆಯೂ ಹೆಚ್ಚುಕಡಿಮೆ ಇದೇ.

ಅಲ್ಲ. ಗೌರವವನ್ನು ನಿಮಿಷಗಳಲ್ಲಿ ಅಳೆಯಲಾಗದು. ಆ ಅರ್ಧ ಗಂಟೆಯನ್ನು ಬಿಡಿಸಿ ನೋಡಿರಿ. ಅವಳ ಒಂದೊಂದು ಹೆಜ್ಜೆಯೂ ಒಬ್ಬ ಗಂಡಸಿನತ್ತ ಅಥವಾ ಒಬ್ಬ ಗಂಡಸಿನಿಂದ ದೂರ. ಒಬ್ಬ ಅಟ್ಟಿಸಿಕೊಂಡು ಬರುತ್ತಾನೆ, ಇನ್ನೊಬ್ಬ ಅಪ್ಪಣೆ ಕೊಡುತ್ತಾನೆ. ಅವಳು ಓದಿದವಳು, ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ತೀಕ್ಷ್ಣಬುದ್ಧಿಯವಳು. ಆದರೆ ಗ್ರಂಥಾಲಯದಲ್ಲಿಯೂ ಅವಳು ಗೆಳೆಯನೊಡನೆ ಆಡುವ ಮಾತು ಆ ಗಂಡಸಿನ ವಿಚಾರವೇ. ಗುರುಸ್ಥಾನದಲ್ಲಿರುವ, ವಯಸ್ಸಿನಲ್ಲಿ ಹಿರಿಯನಾದ ಬ್ಯಾಟ್‌ಮ್ಯಾನನೊಡನೆ ಅವಳನ್ನು ಕೂಡಿಸಿದ್ದನ್ನು ನಾನು ಮಡಿವಂತಿಕೆಯಿಂದ ಆಕ್ಷೇಪಿಸುತ್ತಿಲ್ಲ. ನೀವು ನನ್ನನ್ನು ಬಲ್ಲಿರಿ, ಶೃಂಗಾರವನ್ನು ತರಗತಿಯಲ್ಲಿ ನುಂಗಿಕೊಂಡು ಮುಂದೆ ಹೋದವನಲ್ಲ ನಾನು. ನನ್ನ ಆಕ್ಷೇಪ ಕಥನದ್ದು. ಈ ಸಂಬಂಧದಿಂದ ಕಥೆಯಲ್ಲಿ ಆಗುವ ಬದಲಾವಣೆ ಒಂದೇ: ಗುಂಡು ಬಿದ್ದಾಗ ನೋಡುಗನಿಗೆ 'ಅಯ್ಯೋ, ಬ್ಯಾಟ್‌ಮ್ಯಾನನಿಗೆ ಎಷ್ಟು ದುಃಖವಾಗಿರಬೇಕು' ಅನ್ನಿಸಬೇಕು. ಪುಸ್ತಕದಲ್ಲಿ ಅವಳ ಗಾಯವು ಒಬ್ಬ ತಂದೆಯ ಪರೀಕ್ಷೆಗೆ ಉಪಕರಣವಾಗಿತ್ತು. ಚಿತ್ರದಲ್ಲಿ ಅದು ಇಬ್ಬರು ಗಂಡಸರ ದುಃಖಕ್ಕೆ ಉಪಕರಣವಾಯಿತು. ತಪ್ಪನ್ನು ತಿದ್ದುತ್ತೇವೆಂದು ಹೊರಟು ಅದನ್ನು ದ್ವಿಗುಣಗೊಳಿಸಿದರು. ಹೀಗಿರುವಾಗ ಅದನ್ನು ಬೆಳೆಸುವಿಕೆ ಎನ್ನಲು ನನಗೆ ನಾಲಗೆ ಬಾರದು.

ಇಲ್ಲಿಗೆ ಜಗಳದ ನಿಜವಾದ ಗಂಟು ಕೈಗೆ ಸಿಗುತ್ತದೆ. ಮೂಲನಿಷ್ಠರು ಆ ಅರ್ಧ ಗಂಟೆಯನ್ನು ತೆಗಳಿದರು. ಕಾರಣ, ಅದು ಪುಸ್ತಕದಲ್ಲಿಲ್ಲ. ಪರಿವರ್ತನವಾದಿಗಳು ಹೊಗಳಿದರು, ಕಾರಣ, ಅದು ಪುಸ್ತಕದಲ್ಲಿಲ್ಲ. ಇಬ್ಬರ ಕಾರಣವೂ ಒಂದೇ! ಬಾರ್ಬರಾಳಿಗೆ ಏನಾಯಿತು ಎಂದು ಕೇಳಿದವರ ದನಿ ಅಲ್ಲಿಯೂ ಇತ್ತು. ಆದರೆ ಈ ಎರಡು ಪಂಗಡಗಳ ಗಲಾಟೆಯಲ್ಲಿ, ಅದು ದೃಢವಾಗಿ ಕೇಳಬೇಕಾದಷ್ಟು ಕೇಳಲಿಲ್ಲ. ನಮ್ಮ ಹಜಾರದಲ್ಲಿಯಂತೂ ಎರಡು ಗಂಟೆಯ ವಾದದಲ್ಲಿ ಅವಳ ಹೆಸರು ಬಂದದ್ದು ಪುಟಗಳ ಲೆಕ್ಕ ಹೇಳುವಾಗ ಮಾತ್ರ.

ಹಾಗಾದರೆ ಸರಿಯಾದ ಪುನಸ್ಸೃಷ್ಟಿ ಎಂದರೆ ಯಾವುದು? ಅದನ್ನು ನಾನು ಕಲ್ಪಿಸಿ ಹೇಳಬೇಕಾಗಿಲ್ಲ. ಚಿತ್ರಕ್ಕೆ ಇಪ್ಪತ್ತೇಳು ವರ್ಷ ಮೊದಲೇ ಅದನ್ನು ಮಾಡಿ ತೋರಿಸಿದ್ದರು. ಜಾನ್ ಆಸ್ಟ್ರಾಂಡರ್ ಮತ್ತು ಅವರ ಪತ್ನಿ ಕಿಮ್ ಯೇಲ್ ಎಂಬ ಲೇಖಕ ದಂಪತಿಗಳಿಗೆ ಬಾರ್ಬರಾಳನ್ನು ಹಾಗೆ ನೆಲದ ಮೇಲೆ ಬಿಟ್ಟುಹೋಗುವುದು ಸಹ್ಯವಾಗಲಿಲ್ಲ. 1989ರಲ್ಲಿ ತಾವು ಬರೆಯುತ್ತಿದ್ದ 'ಸೂಸೈಡ್ ಸ್ಕ್ವಾಡ್' ಎಂಬ ಮಾಲಿಕೆಯಲ್ಲಿ 'ಆರಕಲ್' ಎಂಬ ನಿಗೂಢ ವ್ಯಕ್ತಿಯನ್ನು ತಂದರು. ಕಂಪ್ಯೂಟರಿನ ಮೂಲಕ ಮಾತ್ರ ಮಾತಾಡುವ, ಎಲ್ಲ ಸುದ್ದಿಯನ್ನೂ ಬಲ್ಲ ಈ ವ್ಯಕ್ತಿ ಗಾಲಿಕುರ್ಚಿಯಲ್ಲಿ ಕುಳಿತ ಬಾರ್ಬರಾ ಗಾರ್ಡನ್ ಎಂಬುದು ಓದುಗರಿಗೆ ಆಮೇಲೆ ತಿಳಿಯಿತು. 1996ರಲ್ಲಿ ಅವರಿಬ್ಬರೇ ಅವಳು ಗಾಯಗೊಂಡ ಮೇಲಿನ ದಿನಗಳ ಕಥೆಯನ್ನೂ ಬರೆದರು: ನೋವು, ಸಿಟ್ಟು, ಹೊಸದಾಗಿ ಕಲಿಯುವ ಛಲ, ಕುಳಿತಲ್ಲಿಂದಲೇ ಹೋರಾಡುವ ವಿದ್ಯೆ.

ಗಮನಿಸಿರಿ, ಅವರು ಮೂರ್ ಬರೆದುದರಲ್ಲಿ ಒಂದು ಅಕ್ಷರವನ್ನೂ ಅಳಿಸಲಿಲ್ಲ. ಗುಂಡು ಬಿದ್ದದ್ದು ಬಿದ್ದದ್ದೇ. ಮಾಯಾಮಂತ್ರದಿಂದ ಅವಳನ್ನು ಎಬ್ಬಿಸಿ ನಡೆಸಲಿಲ್ಲ. ಆ ದೃಷ್ಟಿಯಲ್ಲಿ ಅವರು ಪರಮ ಮೂಲನಿಷ್ಠರು. ಆದರೆ ಮೂಲವು ಕೇಳದೆ ಬಿಟ್ಟ ಪ್ರಶ್ನೆಯನ್ನು ಅವರು ಕೇಳಿದರು: ಆ ಹುಡುಗಿ ಮರುದಿನ ಏನು ಮಾಡಿದಳು? ಗಾಲಿಕುರ್ಚಿಯಲ್ಲಿರುವ ಎಷ್ಟೋ ಓದುಗರಿಗೆ ಆರಕಲ್ ತಮ್ಮವಳೆನಿಸಿದಳು. 2011ರಲ್ಲಿ ಪ್ರಕಾಶಕರು ಎಲ್ಲ ಮಾಲಿಕೆಗಳನ್ನೂ ಹೊಸದಾಗಿ ಆರಂಭಿಸಿ, ಬಾರ್ಬರಾಳನ್ನು ಮತ್ತೆ ನಡೆಯುವ ಬ್ಯಾಟ್‌ಗರ್ಲ್ ಆಗಿಸಿದಾಗ ಅಂಥ ಓದುಗರು ನೊಂದು ಪ್ರತಿಭಟಿಸಿದ್ದು ಸುಮ್ಮನೆಯಲ್ಲ.

ಇದಕ್ಕೆ ಪ್ರತಿಯಾಗಿ ತಂಗಿಯ ಮಗ ಒಂದು ಮಾತು ಹೇಳಿದ: "ಮಾವ, ಚಿತ್ರದ ಕೊನೆಯಲ್ಲಿಯೂ ಅವಳು ಗಾಲಿಕುರ್ಚಿಯಲ್ಲಿ ಬಂದು ಕಂಪ್ಯೂಟರುಗಳ ಮುಂದೆ ಕೂರುತ್ತಾಳಲ್ಲ!" ನಿಜ, ಕೂರುತ್ತಾಳೆ. ಕಥೆ ಮುಗಿದು, ಕೆಲಸ ಮಾಡಿದವರ ಹೆಸರುಗಳು ತೆರೆಯ ಮೇಲೆ ಬರಲಾರಂಭಿಸಿದ ಮೇಲೆ, ಕೆಲವು ಕ್ಷಣ. ಜನ ಎದ್ದು ಚಪ್ಪಲಿ ಹುಡುಕುವ ಹೊತ್ತು. ಮಹಡಿಯ ಪ್ರಸಂಗ ಮುಖ್ಯಕಥೆಯೊಳಗೆ, ಅವಳ ಪುನರ್ಜನ್ಮ ಮಂಗಳದ ಆಚೆಗೆ. ಯಾವುದಕ್ಕೆ ಎಲ್ಲಿ ಮಣೆ ಹಾಕಿದರೆಂಬುದರಿಂದಲೇ ಅತಿಥೇಯನ ಮನಸ್ಸು ತಿಳಿಯುತ್ತದೆ. ಆ ಅರ್ಧ ಗಂಟೆಯನ್ನು ಕಥೆಯ ಹಿಂದೆ ಸೇರಿಸದೆ ಮುಂದೆ ಸೇರಿಸಿದ್ದರೆ, ಅಂದರೆ ನಗು ನಿಂತ ಮೇಲೆ ಅವಳ ಕೋಣೆಗೆ ಹೋಗಿದ್ದರೆ, ಚಿತ್ರದ ಉದ್ದವೂ ಸರಿಹೋಗುತ್ತಿತ್ತು, ಋಣವೂ ತೀರುತ್ತಿತ್ತು. ಮಾದರಿ ಕಣ್ಣೆದುರೇ ಇತ್ತು.

"ನಮ್ಮ ಪಂಪನೂ ಬದಲಾಯಿಸಲಿಲ್ಲವೇ?" ಎಂಬ ಪ್ರಶ್ನೆಗೆ ಬರುತ್ತೇನೆ. ಬದಲಾಯಿಸಿದ. ಹತ್ತನೆಯ ಶತಮಾನದಲ್ಲಿ, ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದಾಗ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದ. ಕೊನೆಗೆ ಪಟ್ಟಾಭಿಷೇಕವಾಗುವುದು ಅರ್ಜುನನಿಗೆ. ಪಕ್ಕದಲ್ಲಿ ಕೂರುವವಳು ಸುಭದ್ರೆ. ಸಭೆಯಲ್ಲಿ ಮುಡಿಹಿಡಿಸಿಕೊಂಡವಳು ದ್ರೌಪದಿ, ವನವಾಸದ ಮುಳ್ಳು ತುಳಿದವಳು ದ್ರೌಪದಿ, ಸಿಂಹಾಸನ ಮಾತ್ರ ಇನ್ನೊಬ್ಬಳಿಗೆ. ಪಂಪನನ್ನು ನಾನು ಪ್ರಾಣದಂತೆ ಪ್ರೀತಿಸುತ್ತೇನೆ. ಆದರೂ ಆ ಸ್ಥಳಕ್ಕೆ ಬಂದಾಗ ನನ್ನ ದನಿ ಪ್ರತಿ ವರ್ಷವೂ ತಗ್ಗುತ್ತಿತ್ತು. ಬದಲಾವಣೆ ಮಾಡುವ ಅಧಿಕಾರ ಕವಿಗೆ ಉಂಟು. ಆದರೆ ಬದಲಾಯಿಸಿದ ಮಾತ್ರಕ್ಕೆ ನ್ಯಾಯ ಮಾಡಿದಂತಾಗದು. ಒಡೆಯನಿಗಾಗಿ ಬದಲಾಯಿಸಿದೆಯೋ, ಗಾಯಗೊಂಡವಳಿಗಾಗಿ ಬದಲಾಯಿಸಿದೆಯೋ ಎಂಬ ಪ್ರಶ್ನೆ ಮಹಾಕವಿಯನ್ನೂ ಬಿಡುವುದಿಲ್ಲ. ಹಾಗಿರಲು ಸಿನಿಮಾದವರನ್ನು ಬಿಟ್ಟೀತೇ?

ಇಷ್ಟು ಕಟುವಾಗಿ ಬರೆಯಲು ನನಗೆ ಒಂದು ಕಾರಣವುಂಟು. ಅದನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು.

ಬಹಳ ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಪೋಲಿಯೋದಿಂದ ಒಂದು ಕಾಲು ಬತ್ತಿತ್ತು. ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಊರುಗೋಲು ಹಿಡಿದು ಬರುತ್ತಿದ್ದಳು. ಬಾಗಿಲ ಪಕ್ಕದ ಮೊದಲ ಬೆಂಚು ಅವಳದು. ಒಂದು ಮಧ್ಯಾಹ್ನ ದ್ಯೂತಸಭೆಯ ಪ್ರಸಂಗವನ್ನು ಆವೇಶದಿಂದ ಓದಿ, ಭೀಮನ ಪ್ರತಿಜ್ಞೆಯನ್ನು ವರ್ಣಿಸಿ, ಮಕ್ಕಳು ಉಸಿರು ಬಿಗಿಹಿಡಿದು ಕೇಳಿದ್ದನ್ನು ಕಂಡು ಸಂತೃಪ್ತಿಯಿಂದ ಪುಸ್ತಕ ಮುಚ್ಚಿದೆ. ಅವಳು ಕೈ ಎತ್ತಿದಳು. "ಸಾರ್, ಮರುದಿನ ಬೆಳಿಗ್ಗೆ ದ್ರೌಪದಿ ಎದ್ದು ಏನು ಮಾಡಿದಳು?"

ಹುಡುಗರು ನಕ್ಕರು. ನಾನೂ ನಕ್ಕೆ. "ಅದು ಪಾಠದಲ್ಲಿಲ್ಲಮ್ಮ, ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ" ಎಂದೆ. ಅವಳು ಕುಳಿತಳು. ಆ ವರ್ಷ ಮತ್ತೆ ಅವಳು ಕೈ ಎತ್ತಿದ ನೆನಪು ನನಗಿಲ್ಲ.

ಇಂದು ಯೋಚಿಸಿದರೆ, ಆ ತರಗತಿಯಲ್ಲಿ ಕೇಳಿಬಂದ ಏಕೈಕ ಸಾಹಿತ್ಯಪ್ರಶ್ನೆ ಅದೇ ಆಗಿತ್ತು. ಆಸ್ಟ್ರಾಂಡರ್ ದಂಪತಿಗಳು ತಮಗೆ ತಾವೇ ಕೇಳಿಕೊಂಡ ಪ್ರಶ್ನೆಯೂ ಅದೇ. ಅವರು ಅದಕ್ಕೆ ಉತ್ತರವಾಗಿ ಒಂದು ಜೀವನವನ್ನು ಬರೆದರು. ನಾನು ಮೂಲನಿಷ್ಠೆಯ ಹೆಸರಿನಲ್ಲಿ ಒಂದು ಮಗುವನ್ನು ಕೂರಿಸಿದೆ. 'ಪಾಠದಲ್ಲಿಲ್ಲ' ಎಂಬ ಮಾತಿಗೂ ನನ್ನ ಮಗನ 'ಪುಸ್ತಕದಲ್ಲಿಲ್ಲ' ಎಂಬ ಮಾತಿಗೂ ವ್ಯತ್ಯಾಸವಿಲ್ಲ. ಅವನು ಅದನ್ನು ಕಲಿತದ್ದು ನನ್ನಿಂದಲೇ ಇರಬೇಕು. ತಂಗಿಯ ಮಗನ ತಪ್ಪಿಗೂ ನಾನೇ ಹೊಣೆ. ಕವಿಗೆ ಸ್ವಾತಂತ್ರ್ಯವುಂಟೆಂದು ಬೋಧಿಸಿದೆ; ಆ ಸ್ವಾತಂತ್ರ್ಯದಿಂದ ಏನು ಮಾಡಬೇಕೆಂಬುದನ್ನು ಬೋಧಿಸಲಿಲ್ಲ.

ಆದ್ದರಿಂದ ಅಭಿಮಾನಿಗಳೆಂದು ಹೇಳಿಕೊಳ್ಳುವ ನಿಮಗೆಲ್ಲ ನನ್ನ ಮಾತು ಇಷ್ಟೇ. ಸೂಪರ್‌ಹೀರೋ ಚಿತ್ರವೆಂದು ನಾನು ಹೀಗಳೆಯುವುದಿಲ್ಲ. ಕೇಡು, ವಿವೇಕ, ಕಾನೂನು ಎಂಬ ದೊಡ್ಡ ವಿಚಾರಗಳನ್ನು ಅದು ಎತ್ತಿಕೊಂಡಿದೆ, ಅದಕ್ಕೇ ಅದರೊಡನೆ ಜಗಳವಾಡುತ್ತಿದ್ದೇನೆ. ಜಗಳವಾಡಿರಿ, ಧಾರಾಳವಾಗಿ ಆಡಿರಿ. ಕೆವಿನ್ ಕಾನ್ರಾಯ್, ಮಾರ್ಕ್ ಹ್ಯಾಮಿಲ್ ಎಂಬ ಆ ಇಬ್ಬರು ನಟರ ಕಂಠವನ್ನು ಮೆಚ್ಚಿಕೊಳ್ಳಿರಿ. ಅದು ಮೆಚ್ಚತಕ್ಕದ್ದೇ, ಕಾನ್ರಾಯ್ 2022ರಲ್ಲಿ ತೀರಿಕೊಂಡ ಮೇಲಂತೂ ಬೆಲೆಯುಳ್ಳದ್ದು. ಆದರೆ 'ಇದು ಮೂಲದಲ್ಲಿದೆಯೇ?' ಎಂಬ ಪ್ರಶ್ನೆಯನ್ನು ಗುಮಾಸ್ತರಿಗೆ ಬಿಡಿರಿ. ಅದು ತಾಳೆ ನೋಡುವ ಕೆಲಸ. ಕಥೆಯಲ್ಲಿ ಯಾರಿಗೆ ಪೆಟ್ಟು ಬಿತ್ತು, ಹೇಳುವವನು ಅವರ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಿದನೇ ಎಂದು ಕೇಳಿರಿ. ಈ ಪ್ರಶ್ನೆಯನ್ನು ಕೇಳಲು ಪದವಿ ಬೇಕಾಗಿಲ್ಲ. ಮೊದಲ ಬೆಂಚಿನಲ್ಲಿ ಕುಳಿತ ಹದಿನೈದು ವರ್ಷದ ಹುಡುಗಿ ಕೇಳಿದ್ದಳು.

ಮಗ ಇದನ್ನು ಓದಿ, "ಅಪ್ಪಾ, ಬಣ್ಣದ ವಿಷಯ ಒಪ್ಪಿದೆ, ಉಳಿದದ್ದು ಒಪ್ಪಲಿಲ್ಲ" ಎಂದಿದ್ದಾನೆ. ತಂಗಿಯ ಮಗ ಇನ್ನೂ ಉತ್ತರಿಸಿಲ್ಲ. ಸಂಕ್ರಾಂತಿಗೆ ಇಬ್ಬರೂ ಬರುತ್ತಾರೆ, ಎಳ್ಳುಬೆಲ್ಲದೊಂದಿಗೆ ಮುಂದುವರಿಸೋಣ.

ಆ ವಿದ್ಯಾರ್ಥಿನಿಯ ಸಹಪಾಠಿಗಳು ನಿಮ್ಮಲ್ಲಿ ಕೆಲವರು ಇದ್ದೀರಿ. ಹೆಸರು ಹೇಳದಿದ್ದರೂ ಯಾರೆಂದು ನಿಮಗೆ ತಿಳಿಯುತ್ತದೆ. ಅವಳ ಸಂಪರ್ಕವಿದ್ದವರು ದಯವಿಟ್ಟು ಇದನ್ನು ಅವಳಿಗೆ ತಲುಪಿಸಿರಿ. ಪ್ರಶ್ನೆ ಇನ್ನೂ ಬಾಕಿ ಇದೆ, ಮೇಷ್ಟರು ಉತ್ತರ ಹುಡುಕುತ್ತಿದ್ದಾರೆ ಎಂದು ಹೇಳಿರಿ.